ಖೋಟಾ ನೋಟು ಮತ್ತು ನೋಟಿನ ಗುರುತುಗಳು



ಖೋಟಾ ನೋಟಿನ ಕಾಟ ಇಂದು ನಿನ್ನೆಯದಲ್ಲ. ನಮ್ಮ ದೇಶದಲ್ಲಿ ಸರ್ಕಾರವೇ ನೋಟು ಹೊರಡಿಸಲು ಶುರು ಮಾಡಿದ್ದು 1861ರ ಕಾಯಿದೆಯಿಂದ. ಮೊದಲ ನೋಟಿನಲ್ಲಿ ವಿಕ್ಟೋರಿಯಾ ರಾಣಿಯ ಚಿತ್ರ, ಅಚ್ಚು ಒಂದೇ ಮಗ್ಗುಲಿಗೆ. ಕೆಲವೇ ವರ್ಷಕ್ಕೆ ನಕಲಿಗಳು ಹೆಚ್ಚಾಗಿ ಆ ನೋಟನ್ನೇ ಹಿಂತೆಗೆದುಕೊಂಡು 1867ರಲ್ಲಿ ಬೇರೆ ಮಾದರಿ ತರಬೇಕಾಯ್ತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿನವರು ನಮ್ಮ ನೋಟನ್ನು ಅಸಲಿಯನ್ನೇ ಹೋಲುವಂತೆ ಅಚ್ಚು ಹಾಕಿದರು. ಯುದ್ಧವೆಂದರೆ ಬರೀ ಬಂದೂಕಲ್ಲ ನೋಡಿ! ಆಗ ರಿಸರ್ವ್ ಬ್ಯಾಂಕು ನೀರುಗುರುತನ್ನು ಬದಲಿಸಿತು, ಆರನೇ ಜಾರ್ಜ್ ದೊರೆಯ ಪಕ್ಕಮುಖ ತೆಗೆದು ನೇರಮುಖ ಹಾಕಿತು. ಕಾಗದದೊಳಗೆ ಭದ್ರತಾ ದಾರ ಸೇರಿದ್ದೂ ಆಗಲೇ, ನಮ್ಮ ದೇಶದಲ್ಲಿ ಮೊದಲ ಸಲ. 1996ರ ಗಾಂಧೀಜಿ ಸರಣಿಯಲ್ಲಿ ಕಣ್ಣು ಕಾಣದವರೂ ಮುಟ್ಟಿ ತಿಳಿಯುವಂತೆ ಉಬ್ಬು ಗುರುತು ಬಂತು. 2016ರ ನೋಟು ರದ್ದತಿ, ಆ ಕ್ಯೂ, ಎಲ್ಲರಿಗೂ ನೆನಪಿದೆ, ಬಿಡಿ.

ಆಗ ಬಂದ ಐನೂರರ ನೋಟನ್ನೇ ಈಗ ಕೈಗೆತ್ತಿಕೊಳ್ಳಿ. ಬೆಳಕಿಗೆ ಹಿಡಿದರೆ ಖಾಲಿ ಜಾಗದಲ್ಲಿ ಗಾಂಧೀಜಿ ಮುಖವೂ 500 ಎಂಬ ಅಂಕಿಯೂ ಕಾಣಬೇಕು. ಓರೆ ಮಾಡಿದರೆ ದಾರದ ಹಸಿರು ನೀಲಿಗೆ ತಿರುಗಬೇಕು. ಎಡಬಲ ಅಂಚಿನಲ್ಲಿ ಐದೈದು ಓರೆ ಗೆರೆಗಳು ಉಗುರಿಗೆ ಸಿಗಬೇಕು. ನಂಬರಿನ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತಾ ಹೋಗಬೇಕು. ಹಳೇ ನೋಟಿನಲ್ಲಿ ಉಬ್ಬು ಸವೆದಿರುತ್ತೆ, ಆದ್ದರಿಂದ ಒಂದೇ ಗುರುತು ನಂಬಬೇಡಿ. ನಮ್ಮ ಅನುಭವದಲ್ಲಿ ದಾರ ನೋಡುವುದೇ ಸುಲಭ.

ಕತ್ತಲಾದ ಮೇಲೆ ಸಂತೆಯಲ್ಲಿ ಕುರಿ ಮಾರಿ ಎಣಿಸಿಕೊಳ್ಳುವ ಹಣದಲ್ಲಿ ಇದನ್ನೆಲ್ಲ ಯಾರು ನೋಡ್ತಾರೆ? ಮೋಸಗಾರನಿಗೆ ಬೇಕಾದದ್ದೂ ಅದೇ. ಬ್ಯಾಂಕಿನಲ್ಲಿ ಖೋಟಾ ಎಂದು ಗೊತ್ತಾದರೆ ಮುದ್ರೆ ಒತ್ತಿ ಇಟ್ಟುಕೊಳ್ಳುತ್ತಾರೆ. ರಸೀದಿ ಸಿಗುತ್ತದೆ, ದುಡ್ಡು ಸಿಗುವುದಿಲ್ಲ. ಒಂದೇ ಸಲಕ್ಕೆ ಐದು ಅಥವಾ ಹೆಚ್ಚು ಸಿಕ್ಕಿದರೆ ಪೊಲೀಸ್ ದೂರು ದಾಖಲಾಗುತ್ತದೆ. ಖೋಟಾ ಅಂತ ಗೊತ್ತಿದ್ದೂ ಇನ್ನೊಬ್ಬರಿಗೆ ದಾಟಿಸುವುದು ಅಪರಾಧವೇ.

ಸಂಘಕ್ಕೆ ಕಟ್ಟಿದ ಹಣವೂ ಕಡೆಗೆ ಬ್ಯಾಂಕಿಗೇ ಹೋಗುತ್ತದೆ. ಅಲ್ಲಿ ಒಂದು ನೋಟು ತಳ್ಳಿಬಿದ್ದರೆ ಆ ಐನೂರು ನಮ್ಮ ಗುಮಾಸ್ತರ ತಲೆಗೆ. ಸಾಲದ ಕಂತು ಕಟ್ಟಲು ಬಂದಾಗ ಅವರು ನೋಟು ಎತ್ತಿ ಹಿಡಿದು ನೋಡಿದರೆ "ನನ್ನನ್ನೇ ಅನುಮಾನಿಸ್ತೀಯಾ" ಎಂದು ಕೆಲವರು ರೇಗುತ್ತಾರೆ. ನಿರ್ದೇಶಕರಾದ ನಾವು ಕಟ್ಟುವ ಹಣವನ್ನೂ ಅವರು ಹಾಗೇ ನೋಡುತ್ತಾರೆ.