ಪತ್ತಾರನ ತಂತಿ

ಗಾಯ ಮಾಯ್ದ ಮೇಲೂ ಕೆಲವರ ಮೈಯಲ್ಲಿ ಕಲೆ ಸುಮ್ಮನಿರುವುದಿಲ್ಲ. ಗಾಯದ ಅಂಚು ದಾಟಿ ಒಳ್ಳೆಯ ಚರ್ಮದ ಮೇಲೂ ಹಬ್ಬುತ್ತದೆ; ಗಟ್ಟಿಯಾಗಿ ಉಬ್ಬಿ ತುರಿಸುತ್ತದೆ, ನೋಯುತ್ತದೆ. ಪ್ಯಾರಿಸ್ಸಿನ ಚರ್ಮವೈದ್ಯ ಅಲಿಬೇರ್ 1806ರಲ್ಲಿ ಇದನ್ನು ವರ್ಣಿಸಿದಾಗ ಕ್ಯಾನ್ಸರನ್ನು ನೆನಪಿಸುವ ಹೆಸರಿಟ್ಟಿದ್ದ. ಇದು ಕ್ಯಾನ್ಸರ್ ಅಲ್ಲವಲ್ಲ ಎಂದು ಹತ್ತು ವರ್ಷದ ತರುವಾಯ ಅದನ್ನು ಬಿಟ್ಟು, ಏಡಿಯ ಇಕ್ಕಳಗಾಲಿಗಿರುವ ಗ್ರೀಕ್ ಶಬ್ದದಿಂದ ‘ಕೀಲಾಯ್ಡ್’ ಎಂದು ಕರೆದ. ಕ್ಯಾನ್ಸರ್ ಎಂದರೂ ಲ್ಯಾಟಿನ್ನಿನಲ್ಲಿ ಏಡಿಯೇ. ಪಾಪ, ಏಡಿಯಿಂದ ಅವನಿಗೆ ಬಿಡುಗಡೆಯಾಗಲಿಲ್ಲ.

ನಮ್ಮ ಮನೆಯಲ್ಲಿ ಇದಕ್ಕೆ ದುರ್ಮಾಂಸ ಎನ್ನುತ್ತಿದ್ದರು. ಅವ್ವನ ಎರಡೂ ಕಿವಿಯ ಹಾಲೆಯಲ್ಲಿ ನೆಲ್ಲಿಕಾಯಿಯಷ್ಟು ಗಂಟು. ಕೊಯ್ಸಿದರೆ ಮತ್ತೆ ಬಂತು, ಮೊದಲಿಗಿಂತ ದೊಡ್ಡದಾಗಿ. ಸೋದರಮಾವನಿಗೆ ಕುರು ಒಡೆದ ಜಾಗದಲ್ಲಿ, ಎದೆಯ ಮೇಲೆ. ಚಿಕ್ಕವ್ವ ಮಾತ್ರ ಕಿವಿಗೆ ನಾಲ್ಕು ತೂತು ಹಾಕಿಸಿಕೊಂಡೂ ಸುಖವಾಗಿದ್ದಳು. ಆದರೆ ಅವಳ ಮಗನ ರಟ್ಟೆಯಲ್ಲಿ ದೇವಿ ಹಾಕಿದಲ್ಲಿ ಅದು ಎದ್ದಿತು. ಇಷ್ಟಾದರೂ ಅಜ್ಜಿ ಸಾಯುವತನಕ ಬೈದದ್ದು ಪತ್ತಾರನನ್ನು. ‘ಅವನ ತಂತಿ ಚಲೋ ಇರಲಿಲ್ಲ, ಅವನ ಕೈನೂ ಚಲೋ ಅಲ್ಲ.’

ಗಾಯ ಮಾಡಿದ್ದನ್ನು ಮೊದಲು ದೂರುವುದು ಸಹಜವೇ. 1945ರ ಆಗಸ್ಟ್ 6ರಂದು ಹಿರೋಷಿಮಾದಲ್ಲಿ ಸುಟ್ಟು ಬದುಕುಳಿದವರ ಮುಖ, ಕತ್ತು, ಕೈಗಳಲ್ಲಿ ಕೆಲವೇ ತಿಂಗಳಲ್ಲಿ ಕೀಲಾಯ್ಡ್ ಏಳತೊಡಗಿತು. ಜಪಾನಿನಲ್ಲಿ ಆ ಶಬ್ದವೇ ಬಾಂಬಿನ ಗುರುತಾಯಿತು. ಅಂಥ ಮುಖದ ಹುಡುಗಿಯರನ್ನು ಮದುವೆಗೆ ಕೇಳುವವರಿರಲಿಲ್ಲ. 1955ರಲ್ಲಿ 25 ಯುವತಿಯರನ್ನು ಶಸ್ತ್ರಚಿಕಿತ್ಸೆಗೆಂದು ನ್ಯೂಯಾರ್ಕಿಗೆ ಒಯ್ದರು. ಅವರಲ್ಲೊಬ್ಬಳು ಅಲ್ಲಿಯೇ ತೀರಿಕೊಂಡಳು. ಈ ಕಲೆ ವಿಕಿರಣದ್ದೆಂದೇ ಮೊದಲು ಬಹಳ ಜನ ತಿಳಿದಿದ್ದರು. ಆಮೇಲೆ ವೈದ್ಯರು ಶಾಖದ ಆಳವಾದ ಸುಟ್ಟಗಾಯ, ಸೋಂಕು, ಹೊಟ್ಟೆಗಿಲ್ಲದ ದಿನಗಳು ಇವುಗಳತ್ತ ಬೆರಳು ತೋರಿದರು. ಜಪಾನೀಯರ ಮೈಗುಣವೂ ಸೇರಿರಬಹುದೆಂದರು. ಈ ಕೊನೆಯ ಮಾತು ನನಗೆ ಸ್ವಲ್ಪ ಚುಚ್ಚುತ್ತದೆ. ಮೈಗುಣ ಎಂಥದೇ ಇರಲಿ, ಬೆಂಕಿ ಸುರಿಯದಿದ್ದರೆ ಆ ಹುಡುಗಿಯರ ಕೆನ್ನೆ ಹಾಗಾಗುತ್ತಿರಲಿಲ್ಲ.

ಆದರೆ ಮೈಗುಣದ ಮಾತು ಸುಳ್ಳಲ್ಲ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕೀಲಾಯ್ಡ್ ಇರುವ 14 ಕುಟುಂಬಗಳ ವಂಶವೃಕ್ಷ ಬಿಡಿಸಿತು. 341 ಜನರಲ್ಲಿ 96 ಮಂದಿಗೆ ಅದು ಇತ್ತು. ತಂದೆತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು, ಆದರೆ ಬಂದವರಲ್ಲೆಲ್ಲ ಕಾಣಿಸಲೇಬೇಕೆಂದಿಲ್ಲ. ತಮ್ಮಲ್ಲಿ ಕಲೆಯಿಲ್ಲದೆ ಮಕ್ಕಳಿಗೆ ದಾಟಿಸಿದ 7 ಜನ ಅದರಲ್ಲಿದ್ದರು. ನಮ್ಮ ಚಿಕ್ಕವ್ವನಂಥವರು. 2004ರಲ್ಲಿ ಒಂದು ಜಪಾನೀ ಕುಟುಂಬದ ಜಾಡು 2ನೆಯ ವರ್ಣತಂತುವಿಗೆ ಹೋಯಿತು, ಒಂದು ಆಫ್ರಿಕನ್-ಅಮೆರಿಕನ್ ಕುಟುಂಬದ್ದು 7ನೆಯದಕ್ಕೆ. 2010ರಲ್ಲಿ ಜಪಾನಿನವರೇ ತಮ್ಮ ಜನರಲ್ಲಿ ಹುಡುಕಿದಾಗ 1, 3, 15ನೆಯವು ಸಿಕ್ಕವು. ಒಂದೇ ಜೀನಿನ ಕೆಲಸವಲ್ಲ ಎಂದಾಯಿತು. ಕಪ್ಪು ಚರ್ಮದವರಲ್ಲಿ ಹೆಚ್ಚು ಕಾಣುವುದರಿಂದ ಬಣ್ಣವೇ ಕಾರಣವೆಂಬ ವಾದವೂ ಬಹುಕಾಲ ನಡೆದಿತ್ತು. 2015ರಲ್ಲಿ ಪ್ರಕಟವಾದ ಆಫ್ರಿಕದ ಸಮೀಕ್ಷೆಯೊಂದರಲ್ಲಿ, ಹುಟ್ಟಿನಿಂದಲೇ ಚರ್ಮಕ್ಕೆ ಬಣ್ಣವಿಲ್ಲದವರಲ್ಲೂ ಅದು ಉಳಿದವರಷ್ಟೇ ಎನ್ನುವಷ್ಟು ಕಂಡಿತು. ಪತ್ತಾರನಂತೆ ಬಣ್ಣವೂ ಸುಮ್ಮನೆ ಬೈಸಿಕೊಂಡಿತ್ತು.

ಈಗ ನಮ್ಮ ಮೊಮ್ಮಗಳಿಗೆ 7 ವರ್ಷ. ‘ನಮ್ಮ ಮನಿತನದಾಗ ಯಾರಿಗೂ ಇಲ್ಲರಿ ಅತ್ತಿ, ಚುಚ್ಚಿಸೋಣ’ ಎನ್ನುತ್ತಾಳೆ ಸೊಸೆ. ಆದರೆ ಹುಡುಗಿ ಎರಡೂ ಮನೆತನದವಳು. ಕಿವಿಯಲ್ಲಿ ಕೀಲಾಯ್ಡ್ ಎದ್ದವರನ್ನೇ ವಿಚಾರಿಸಿದ ಅಮೆರಿಕದ 2005ರ ಸಮೀಕ್ಷೆಯಲ್ಲಿ, 11 ತುಂಬಿದ ಮೇಲೆ ಚುಚ್ಚಿಸಿಕೊಂಡವರಲ್ಲಿ ಅದು ಹೆಚ್ಚಾಗಿ ಬಂದದ್ದು ಕಂಡಿತು. ಮಗ ಅದನ್ನೋದಿ, ಚುಚ್ಚಿಸುವುದಾದರೆ ಬೇಗ ಆಗಲಿ ಎನ್ನುತ್ತಾನೆ. ನಾನು ಚುಚ್ಚಿಸುವುದೇ ಬೇಡ ಎನ್ನುತ್ತೇನೆ. ವಾದ ಮುಗಿದಿಲ್ಲ. ಸದ್ಯಕ್ಕೆ ತೂತಿಲ್ಲದೆ ಕಿವಿಗೆ ಸಿಕ್ಕಿಸುವ ಓಲೆ ತಂದುಕೊಟ್ಟಿದ್ದೇವೆ. ವಾರಕ್ಕೊಂದು ಕಳೆದು ಬರುತ್ತಾಳೆ.