ಕಂಪನಿಯ ಮಾತು ಮತ್ತು ಗಿರಾಕಿಯ ಮಾರುತ್ತರ: ಕಿರ್ಲೋಸ್ಕರ ಖಬರಿನಿಂದ ಬ್ಲಾಗಿನವರೆಗೆ

ವ್ಯಾಪಾರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಸರಕು, ಬೆಲೆ, ಸುಂಕ, ಸಾಗಾಣಿಕೆಯ ದಾರಿ ಇವುಗಳನ್ನು ವಿಚಾರಿಸುತ್ತಾರೆ. ಮಾರುವವನು ಕೊಳ್ಳುವವನೊಡನೆ ಏನು ಮಾತನಾಡಿದನು, ಕೊಳ್ಳುವವನು ಅದಕ್ಕೆ ಏನೆಂದು ಮರುನುಡಿದನು ಎಂಬುದನ್ನು ವಿಚಾರಿಸುವುದು ಅಪರೂಪ. ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಅಂಗಡಿಯ ಕಟ್ಟೆಯ ಮೇಲೆ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ದೊಡ್ಡ ಕಂಪನಿಗಳು ಅಂತರ್ಜಾಲದಲ್ಲಿ ಬ್ಲಾಗುಗಳನ್ನು ತೆರೆದು ಗಿರಾಕಿಗಳೊಡನೆ ನೇರವಾಗಿ ಮಾತನಾಡತೊಡಗಿದಾಗ, ವ್ಯಾಪಾರದಲ್ಲಿ ಹೊಸ ಯುಗವೊಂದು ಹುಟ್ಟಿತೆಂದು ಅನೇಕರು ಹೇಳಿದರು. ಈ ಹೇಳಿಕೆಯಲ್ಲಿ ಎಷ್ಟು ಭಾಗ ಹೊಸದು, ಎಷ್ಟು ಭಾಗ ಹಳೆಯದು ಎಂಬುದನ್ನು ಕನ್ನಡನಾಡಿನ ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವರ್ತಕರು ತಮ್ಮ ವಿಷಯವನ್ನು ತಾವೇ ಲೋಕಕ್ಕೆ ಸಾರಿಕೊಂಡ ನಿದರ್ಶನಗಳು ನಮ್ಮಲ್ಲಿ ಬಹು ಪ್ರಾಚೀನವಾದುವು. ಅಯ್ಯಾವೊಳೆಯ ಐನೂರ್ವರ ಶಾಸನಗಳು ಇದಕ್ಕೆ ಸಾಕ್ಷಿ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರನ್ನು ಹೊತ್ತ ಈ ವರ್ತಕ ಸಂಘವು ದಕ್ಷಿಣ ಭಾರತದಲ್ಲೆಲ್ಲ ಹರಡಿದ್ದಿತು. ಇದರ ಪ್ರಶಸ್ತಿಗಳಲ್ಲಿ ಸಂಘದ ಶೌರ್ಯ, ಸತ್ಯಸಂಧತೆ, ಸಂಚರಿಸಿದ ದೇಶಗಳು, ಹೊತ್ತು ತಂದ ಸರಕುಗಳು ಇವೆಲ್ಲ ವಿಸ್ತಾರವಾಗಿ ವರ್ಣಿತವಾಗಿವೆ. ಆದರೆ ಈ ಶಾಸನಗಳು ಹೆಚ್ಚಾಗಿ ದಾನದತ್ತಿಗಳನ್ನು ದಾಖಲಿಸಲು ಹುಟ್ಟಿದುವು. ಅವುಗಳಲ್ಲಿ ಸಂಘದ ದನಿ ಮಾತ್ರ ಕೇಳಿಬರುತ್ತದೆ. ಕರ್ಪೂರವನ್ನೋ ಕುದುರೆಯನ್ನೋ ಕೊಂಡವನು ತೃಪ್ತನಾದನೇ, ಮೋಸಹೋದೆನೆಂದು ಹಳಹಳಿಸಿದನೇ ಎಂಬುದು ಕಲ್ಲಿನ ಮೇಲೆ ಇಲ್ಲ.

ಆಧುನಿಕ ಕಾಲದಲ್ಲಿ ಕಂಪನಿಯೊಂದು ಗಿರಾಕಿಗಳಿಗಾಗಿಯೇ ಪತ್ರಿಕೆಯನ್ನು ತೆರೆದ ನಿದರ್ಶನವನ್ನು ಹುಡುಕಿದರೆ ನಾವು ಕಿರ್ಲೋಸ್ಕರ ಮನೆತನಕ್ಕೆ ಬರುತ್ತೇವೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಅವರ ಉದ್ಯಮವು 1888ರಲ್ಲಿ ಬೆಳಗಾವಿಯ ಸೈಕಲ್ ಅಂಗಡಿಯೊಂದರಿಂದ ಆರಂಭವಾಯಿತು. 1903ರ ಸುಮಾರಿಗೆ ಅವರು ಕಬ್ಬಿಣದ ನೇಗಿಲನ್ನು ತಯಾರಿಸಿದರು. ಅದನ್ನು ಮಾಡುವುದಕ್ಕಿಂತ ಮಾರುವುದು ಕಷ್ಟವಾಯಿತು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ಒಕ್ಕಲಿಗರು ಹಿಂಜರಿದರೆಂಬ ಸಂಗತಿಯು ಕಿರ್ಲೋಸ್ಕರರ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಈ ಶಂಕೆಯು ಬೆಲೆಯನ್ನು ಇಳಿಸಿದರೆ ಹೋಗುವಂಥದಲ್ಲ. ಮಾತನಾಡಿ, ತೋರಿಸಿ, ಒಪ್ಪಿಸಿಯೇ ಅದನ್ನು ನಿವಾರಿಸಬೇಕಾಗಿದ್ದಿತು. ಗಿರಾಕಿಯ ಮನಸ್ಸನ್ನು ತಿಳಿಯದೆ ಕಾರಖಾನೆ ನಡೆಯದೆಂಬ ಪಾಠವನ್ನು ಈ ಉದ್ಯಮವು ತನ್ನ ಮೊದಲ ದಿನಗಳಲ್ಲಿಯೇ ಕಲಿಯಿತೆನ್ನಬಹುದು.

ಬೆಳಗಾವಿಯಲ್ಲಿ ಸ್ಥಳವನ್ನು ತೆರವು ಮಾಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅರಸರು ಆಶ್ರಯವಿತ್ತರು. 1910ರಲ್ಲಿ ಕುಂಡಲ ರೋಡ್ ನಿಲ್ದಾಣದ ಬಳಿ ಕಿರ್ಲೋಸ್ಕರವಾಡಿಯು ಸ್ಥಾಪಿತವಾಯಿತು. ಅಲ್ಲಿಂದಲೇ 1920ರಲ್ಲಿ ‘ಕಿರ್ಲೋಸ್ಕರ ಖಬರ್’ ಎಂಬ ಮರಾಠಿ ಪತ್ರಿಕೆಯು ಹೊರಟಿತು. ಇದರ ಸಂಪಾದಕರು ಲಕ್ಷ್ಮಣರಾಯರ ಅಣ್ಣನ ಮಗನಾದ ಶಂಕರರಾವ್ ಕಿರ್ಲೋಸ್ಕರರು. ಚಿತ್ರಕಲೆಯನ್ನು ಅಭ್ಯಾಸ ಮಾಡಿದ್ದ ಇವರು ಕಂಪನಿಯ ಜಾಹೀರಾತಿನ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ‘ಖಬರ್’ ಎಂದರೆ ಸುದ್ದಿ. ಕಾರಖಾನೆಯ ಸುದ್ದಿಯನ್ನು ಅದಕ್ಕೆ ಸಂಬಂಧಪಟ್ಟವರಿಗೆ ಮುಟ್ಟಿಸುವುದು ಮೊದಲ ಉದ್ದೇಶವಾಗಿದ್ದಿತು. ಆದರೆ ಪತ್ರಿಕೆಯು ಅಲ್ಲಿಗೇ ನಿಲ್ಲಲಿಲ್ಲ. 1929ರಲ್ಲಿ ‘ಖಬರ್’ ಎಂಬ ಮಾತು ಬಿಟ್ಟುಹೋಗಿ ‘ಕಿರ್ಲೋಸ್ಕರ’ ಎಂಬ ಹೆಸರಷ್ಟೇ ಉಳಿಯಿತು. 1930ರಲ್ಲಿ ಹೆಂಗಸರಿಗಾಗಿ ‘ಸ್ತ್ರೀ’, 1934ರಲ್ಲಿ ‘ಮನೋಹರ’ ಎಂಬ ಪತ್ರಿಕೆಗಳು ಜೊತೆಗೂಡಿದುವು. ವಿಜ್ಞಾನ, ಉದ್ಯೋಗ, ಸಮಾಜಸುಧಾರಣೆ, ಸ್ತ್ರೀಯರ ಸ್ಥಿತಿಗತಿ ಮುಂತಾದ ವಿಷಯಗಳು ಪುಟಗಳನ್ನು ತುಂಬಿದುವು.

ಈ ಬದಲಾವಣೆಯು ಗಮನಾರ್ಹವಾದುದು. ನೇಗಿಲಿನ ಸುದ್ದಿಗಾಗಿ ಹುಟ್ಟಿದ ಪತ್ರಿಕೆಯು ಹತ್ತು ವರ್ಷಗಳಲ್ಲಿ ಮನೆಮಂದಿಯ ಪತ್ರಿಕೆಯಾಯಿತು. ಕಂಪನಿಯು ತಾನು ಹೇಳಬೇಕಾದುದನ್ನಷ್ಟೇ ಹೇಳುತ್ತಿದ್ದರೆ ಇದು ಸಂಭವಿಸುತ್ತಿರಲಿಲ್ಲ. ಓದುಗನು ಬಯಸಿದುದನ್ನು ಕೊಡಬೇಕಾದಾಗ ಪತ್ರಿಕೆಯ ವಿಷಯವನ್ನು ನಿರ್ಣಯಿಸುವ ಅಧಿಕಾರದಲ್ಲಿ ಒಂದು ಪಾಲು ಓದುಗನಿಗೆ ಸಂದಿತು. ಅಮೆರಿಕದಲ್ಲಿಯೂ ನೇಗಿಲಿನ ಕಂಪನಿಯೊಂದು ಇದೇ ದಾರಿಯನ್ನು ಮೊದಲೇ ಹಿಡಿದಿದ್ದಿತು. ಜಾನ್ ಡಿಯರ್ ಕಂಪನಿಯು 1895ರಲ್ಲಿ ‘ದಿ ಫರೋ’, ಅಂದರೆ ‘ನೇಗಿಲಗೆರೆ’ ಎಂಬರ್ಥದ ಹೆಸರಿನಲ್ಲಿ ರೈತರಿಗಾಗಿ ಪತ್ರಿಕೆಯನ್ನು ಆರಂಭಿಸಿದ್ದಿತು. ಹೊಸ ಉಪಕರಣವು ಹಳೆಯ ಬೇಸಾಯಕ್ಕೆ ಎದುರಾದಲ್ಲೆಲ್ಲ ಮಾರುವವನು ಮಾತನಾಡಬೇಕಾಗುತ್ತದೆಂಬುದಕ್ಕೆ ಈ ಎರಡು ನಿದರ್ಶನಗಳು ಸಾಕು.

ಆದರೆ ಈ ಸಂಭಾಷಣೆಗೆ ಒಂದು ಮಿತಿಯಿದ್ದಿತು. 1921ರ ಜನಗಣತಿಯ ವೇಳೆಗೆ ಭಾರತದಲ್ಲಿ ನೂರಕ್ಕೆ ಹತ್ತು ಜನರೂ ಅಕ್ಷರಸ್ಥರಾಗಿರಲಿಲ್ಲ. ಅದರ ಮೇಲೆ ಪತ್ರಿಕೆಯ ಭಾಷೆ ಮರಾಠಿ. ಉದ್ಯಮವು ಹುಟ್ಟಿದುದು ಕನ್ನಡ ಮಣ್ಣಿನಲ್ಲಿ. ಅದರ ನೇಗಿಲು ಕನ್ನಡ ಜಿಲ್ಲೆಗಳ ಎರೆಹೊಲಗಳಲ್ಲಿಯೂ ಉತ್ತಿತು. ಆದರೂ ಮರಾಠಿಯನ್ನು ಬಲ್ಲ ಕನ್ನಡಿಗನಿಗಲ್ಲದೆ ಉಳಿದವರಿಗೆ ಈ ಪತ್ರಿಕೆಯು ನಿಲುಕುವಂತಿರಲಿಲ್ಲ. ನೇಗಿಲನ್ನು ಹಿಡಿದ ಕೈಗೂ ಪತ್ರಿಕೆಯನ್ನು ಹಿಡಿದ ಕೈಗೂ ಹೀಗೆ ಬಹಳ ಅಂತರ ಉಳಿಯಿತು.

ಇನ್ನು ಬ್ಲಾಗುಗಳ ವಿಚಾರ. 2005ರ ಜನವರಿಯಲ್ಲಿ ಜನರಲ್ ಮೋಟಾರ್ಸ್ ಕಂಪನಿಯು ‘ಫಾಸ್ಟ್‌ಲೇನ್’ ಎಂಬ ಬ್ಲಾಗನ್ನು ತೆರೆಯಿತು. ಕಂಪನಿಯ ಉಪಾಧ್ಯಕ್ಷರಾಗಿದ್ದ ಬಾಬ್ ಲಟ್ಜ್ ಅವರು ಅದರಲ್ಲಿ ತಮ್ಮ ಹೆಸರಿನಲ್ಲಿಯೇ ಬರೆದರು; ಓದುಗರ ಟೀಕೆಗಳಿಗೆ ಅದೇ ಪುಟದಲ್ಲಿ ಎಡೆ ದೊರೆಯಿತು. ಅದೇ ವರ್ಷ ಪತ್ರಕರ್ತ ಜೆಫ್ ಜಾರ್ವಿಸ್ ಎಂಬವರು ಡೆಲ್ ಕಂಪನಿಯ ಗಣಕಯಂತ್ರವನ್ನು ಕೊಂಡು ತಾವು ಪಟ್ಟ ಪಾಡನ್ನು ತಮ್ಮ ಬ್ಲಾಗಿನಲ್ಲಿ ಬರೆದಾಗ, ತಮಗೂ ಹೀಗೆಯೇ ಆಯಿತೆಂದು ಅನೇಕರು ದನಿಗೂಡಿಸಿದರು. 2006ರ ಜುಲೈಯಲ್ಲಿ ಡೆಲ್ ಕಂಪನಿಯು ತಾನೇ ಒಂದು ಬ್ಲಾಗನ್ನು ತೆರೆಯಿತು. ಮರುತಿಂಗಳೇ ಅದು ಬೆಂಕಿಯ ಅಪಾಯವಿದ್ದ 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವುದಾಗಿ ಪ್ರಕಟಿಸಬೇಕಾಯಿತು. ಇಲ್ಲಿ ಮೊದಲು ಮಾತನಾಡಿದವನು ಗಿರಾಕಿ. ಮಾರುತ್ತರ ಕೊಟ್ಟದ್ದು ಕಂಪನಿ. ಹಳೆಯ ಕ್ರಮವು ತಲೆಕೆಳಗಾದುದು ಈ ಒಂದು ಅಂಶದಲ್ಲಿಯೇ.

ಎಲ್ಲ ಕಂಪನಿಗಳೂ ಈ ಮಾರ್ಗದಲ್ಲಿ ಪ್ರಾಮಾಣಿಕವಾಗಿ ನಡೆದುವೆಂದು ಭಾವಿಸಬಾರದು. 2006ರಲ್ಲಿಯೇ ಅಮೆರಿಕದಲ್ಲಿ ಇಬ್ಬರು ವಾಲ್‌ಮಾರ್ಟ್ ಅಂಗಡಿಗಳಿಂದ ಅಂಗಡಿಗಳಿಗೆ ಪ್ರವಾಸ ಮಾಡುತ್ತ ಮೆಚ್ಚುಗೆಯ ಮಾತುಗಳನ್ನು ಬ್ಲಾಗಿನಲ್ಲಿ ಬರೆದರು. ಅದರ ವೆಚ್ಚವು ವಾಲ್‌ಮಾರ್ಟ್ ಬೆಂಬಲದ ಸಂಘಟನೆಯೊಂದರಿಂದ ಬಂದುದೆಂದು ಬಯಲಾದಾಗ, ಕಂಪನಿಯ ಪ್ರಚಾರಕಾರ್ಯವನ್ನು ವಹಿಸಿಕೊಂಡಿದ್ದ ಎಡಲ್‌ಮನ್ ಸಂಸ್ಥೆಯ ಮುಖ್ಯಸ್ಥರು ಕ್ಷಮೆ ಯಾಚಿಸಿದರು. ಗಿರಾಕಿಯ ದನಿಯನ್ನು ಮಾರುವವನೇ ಅನುಕರಿಸಿದ ಇಂಥ ಪುಟವನ್ನು ಮುಂದಿನ ಇತಿಹಾಸಕಾರನು ಆಧಾರವೆಂದು ನಂಬಿದರೆ ಮೋಸಹೋಗುತ್ತಾನೆ.

ಕರ್ನಾಟಕದಲ್ಲಿ ಬೆಂಗಳೂರು ಈ ಬದಲಾವಣೆಗೆ ಕೇಂದ್ರವಾಯಿತು. 2010ರಲ್ಲಿ ಅಲ್ಲಿ ಆರಂಭವಾದ ಜೆರೋಧಾ ಎಂಬ ಷೇರು ದಲ್ಲಾಳಿ ಕಂಪನಿಯ ಬ್ಲಾಗಿನಲ್ಲಿ ಗಿರಾಕಿಗಳು ಕೇಳಿದ ಪ್ರಶ್ನೆಗಳಿಗೆ ಸ್ಥಾಪಕರಾದ ನಿತಿನ್ ಕಾಮತರೇ ಉತ್ತರ ಬರೆದುದುಂಟು. ಅಂತರ್ಜಾಲದ ಅಂಗಡಿಯಾದ ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ನಡೆಸಿದ ಮಹಾಮಾರಾಟದಲ್ಲಿ ಗೊಂದಲವಾದಾಗ, ಸ್ಥಾಪಕರಿಬ್ಬರೂ ಗಿರಾಕಿಗಳಿಗೆ ಪತ್ರ ಬರೆದು ಕ್ಷಮೆ ಕೇಳಿದರು. ಆದರೆ ಇಂಥ ಬರಹವೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯಿತು. ಕನ್ನಡ ನೆಲದಲ್ಲಿ ಹುಟ್ಟಿದ ಕಂಪನಿಯು ಪರಭಾಷೆಯಲ್ಲಿ ಗಿರಾಕಿಯನ್ನು ಸಂಬೋಧಿಸಿದ 1920ರ ಪರಿಸ್ಥಿತಿಯು ತೊಂಬತ್ತು ವರ್ಷಗಳ ತರುವಾಯವೂ ಮರುಕಳಿಸಿತೆಂಬುದು ವಿಷಾದದ ಸಂಗತಿ.

ಈ ಮೂರು ಕಾಲಗಳನ್ನು ಹೋಲಿಸಿದರೆ ಒಂದು ವೈಪರೀತ್ಯವು ಗೋಚರಿಸುತ್ತದೆ. ಗಿರಾಕಿಗೆ ಎಡೆಯೇ ಇಲ್ಲದ ಶಾಸನವು ಸಾವಿರ ವರ್ಷ ಬಾಳಿತು. ಓದುಗನಿಗೆ ಅಲ್ಪಸ್ವಲ್ಪ ಎಡೆಕೊಟ್ಟ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಗ್ರಂಥಾಲಯಗಳಲ್ಲಿ ಹುಡುಕಬಹುದು. ಗಿರಾಕಿಯ ದೂರನ್ನು ಕಂಪನಿಯ ಮಾತಿನ ಕೆಳಗೆಯೇ ಅಚ್ಚುಮಾಡಿದ ಬ್ಲಾಗಾದರೋ ಒಂದೇ ರಾತ್ರಿಯಲ್ಲಿ ಅಳಿಸಿಹೋಗಬಲ್ಲುದು. ಅದನ್ನು ಇಡುವ, ತೆಗೆಯುವ ಅಧಿಕಾರವೆಲ್ಲ ಕಂಪನಿಯದೇ. ಕೊಳ್ಳುವವನ ಮಾತು ಇತಿಹಾಸದಲ್ಲಿ ಮೊದಲ ಬಾರಿಗೆ ಇಷ್ಟು ವಿಪುಲವಾಗಿ ದಾಖಲಾದ ಕಾಲದಲ್ಲಿಯೇ ಆ ದಾಖಲೆಯು ಅತ್ಯಂತ ಅಭದ್ರವಾಗಿದೆ.

ಈ ವಿಚಾರವು ನಮ್ಮ ಸೀಮೆಗೆ ದೂರದ್ದಲ್ಲ. ಕಿರ್ಲೋಸ್ಕರ ಮನೆತನದ ಕಬ್ಬಿಣದ ಕಾರಖಾನೆಯೊಂದು ಕೊಪ್ಪಳ ತಾಲ್ಲೂಕಿನ ಬೇವಿನಹಳ್ಳಿಯಲ್ಲಿಯೇ ಇದೆ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಹರಿದ ತರುವಾಯ ಗಂಗಾವತಿಯ ಸುತ್ತಣ ನೆಲವು ಭತ್ತದ ಕಣಜವಾಯಿತು. ಆಂಧ್ರದಿಂದ ಬಂದ ರೈತರು ಕ್ಯಾಂಪುಗಳಲ್ಲಿ ನೆಲೆಸಿದರು. ಶ್ರೀರಾಮನಗರದಲ್ಲಿ ಅಕ್ಕಿ ಗಿರಣಿಗಳು ಎದ್ದುವು. ಇಲ್ಲಿಯ ಸೋನಾ ಮಸೂರಿ ಅಕ್ಕಿಯು ಚೀಲದ ಮೇಲೆ ಗಿರಣಿಯ ಗುರುತನ್ನು ಹೊತ್ತು ದೂರದ ಊರುಗಳನ್ನು ಸೇರುತ್ತದೆ. ಭತ್ತ ತಂದ ರೈತನಿಗೂ ಗಿರಣಿಯವರಿಗೂ, ಗಿರಣಿಯವರಿಗೂ ಅಕ್ಕಿಯನ್ನು ಕೊಂಡವರಿಗೂ ಕನ್ನಡ ತೆಲುಗುಗಳಲ್ಲಿ ನಡೆದ ಮಾತುಕತೆಯು ಬಹುಮಟ್ಟಿಗೆ ಬಾಯಿಮಾತಾಗಿ, ಈಚೆಗೆ ಮೊಬೈಲಿನ ಸಂದೇಶವಾಗಿ ಕಳೆದುಹೋಗುತ್ತಿದೆ.

ಆದುದರಿಂದ ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ಒಂದು ಸಣ್ಣ ಕೆಲಸವನ್ನು ಕೈಗೊಳ್ಳಬಹುದಾಗಿದೆ. ಹಳೆಯ ಚೀಲಗಳ ಅಚ್ಚು, ತೂಕದ ಚೀಟಿ, ಅಡತಿ ಅಂಗಡಿಯ ವಹಿ, ಕಾಗದಪತ್ರ ಇವುಗಳನ್ನು ಮಾಲೀಕರ ಅನುಮತಿಯಿಂದ ಪ್ರತಿಮಾಡಿಕೊಳ್ಳುವುದು. ಹಿರಿಯ ರೈತರ ಮತ್ತು ಹಮಾಲರ ನೆನಪುಗಳನ್ನು ಬರೆದಿಡುವುದು. ಕಂಪನಿಗಳ ಜಾಲಪುಟಗಳನ್ನು ಗಿರಾಕಿಗಳ ಟೀಕೆಗಳೊಡನೆ ದಿನಾಂಕಸಹಿತ ಸಂಗ್ರಹಿಸುವುದು. ಮಾರುವವನ ಮಾತನ್ನು ಉಳಿಸಿಕೊಳ್ಳಲು ಮಾರುವವನೇ ಇದ್ದಾನೆ. ಕೊಂಡವನ ಮಾತನ್ನು ಉಳಿಸುವ ಹೊಣೆಯು ಇತಿಹಾಸಾಭ್ಯಾಸಿಯ ಮೇಲೆ ಬೀಳುತ್ತದೆ.