ಬಂದರಿನ ಫ್ರೆಂಚ್, ಜಗಲಿಯ ಕನ್ನಡ

ಪರಭಾಷೆಯೊಂದನ್ನು ಓದಿ ತಿಳಿಯುವುದು ಒಂದು ಬಗೆ. ಆ ಭಾಷೆಯವರು ಕುಳಿತು ಮಾತನಾಡುವಲ್ಲಿ ಅವರ ಮಾತಿನ ಜಾಡು ಹಿಡಿದು, ನಡುವೆ ತಾನೂ ಒಂದು ಮಾತು ಸೇರಿಸುವುದು ಇನ್ನೊಂದು ಬಗೆ. ನಾನು ವಾಸವಾಗಿರುವ ವಾಮಂಜೂರಿನಲ್ಲಿ ಈ ಎರಡನೆಯದು ಯಾರಿಗೂ ವಿದ್ಯೆಯೆಂದೇ ತೋರುವುದಿಲ್ಲ. ಅಂಗಡಿಯ ಮುಂದೆ ನಿಂತವನ ಕಿವಿಗೆ ತುಳು, ಕನ್ನಡ, ಕೊಂಕಣಿ, ಬ್ಯಾರಿ ನುಡಿಗಳು ಒಂದರ ಬೆನ್ನಿಗೊಂದು ಬೀಳುತ್ತಿರುತ್ತವೆ. ಆದರೆ ಕಡಲಾಚೆಯ ಫ್ರೆಂಚನ್ನು ಕಲಿಯಹೊರಟ ನಮ್ಮೂರ ತರುಣರು, ನಾಲ್ಕು ಮಾತು ಆಡಲು ಬಂದರೆ ಸಾಕಲ್ಲವೇ ಎಂದು ಕೇಳುತ್ತಾರೆ. ಯಾವುದಕ್ಕೆ ಸಾಕು, ಯಾವುದಕ್ಕೆ ಸಾಲದು ಎಂಬುದನ್ನು ಮಂಗಳೂರಿನ ಬಂದರಿನಲ್ಲೇ ನಡೆದ ಒಂದು ಪ್ರಸಂಗ ತಿಳಿಸುತ್ತದೆ.

ಮಂಗಳೂರು ಆಗ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿತ್ತು. ಫ್ರೆಂಚರ ಸಖ್ಯ ಅವನಿಗೆ ಹೊಸದಲ್ಲ. 1783ರ ಮಂಗಳೂರು ಮುತ್ತಿಗೆಯಲ್ಲಿ ಫ್ರೆಂಚ್ ಸೈನಿಕರು ಅವನ ಜೊತೆಗಿದ್ದು, ಯುರೋಪಿನಲ್ಲಿ ಶಾಂತಿಯಾದ ಸುದ್ದಿ ಬಂದೊಡನೆ ಹಿಂದೆ ಸರಿದಿದ್ದರು. 1788ರಲ್ಲಿ ಅವನ ಮೂವರು ರಾಯಭಾರಿಗಳು ವರ್ಸೇಯ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡು, ಮರ್ಯಾದೆ ಪಡೆದು, ಸೈನ್ಯವಿಲ್ಲದೆ ಮರಳಿದ್ದರು. ಹೀಗಿರಲು 1797ರ ಆರಂಭದಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕನ ಹಾನಿಗೊಂಡ ಹಡಗೊಂದು ದುರಸ್ತಿಗಾಗಿ ಮಂಗಳೂರಿಗೆ ಬಂದಿತು. ಟಿಪ್ಪುವಿನ ನೌಕಾಧಿಕಾರಿ ಗುಲಾಂ ಅಲಿಗೆ ಫ್ರೆಂಚ್ ಅಷ್ಟಿಷ್ಟು ಬರುತ್ತಿತ್ತು. ಅವನು ರಿಪೋನೊಡನೆ ಮಾತನಾಡಿದನು. ತಾನು ಮಾರಿಷಸ್ ಸರಕಾರದ ಪ್ರತಿನಿಧಿ, ಅಲ್ಲಿ ದೊಡ್ಡ ಫ್ರೆಂಚ್ ಸೇನೆ ಸಿದ್ಧವಾಗಿದೆ ಎಂಬುದು ರಿಪೋನ ಮಾತು. ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ದರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಈ ಮನುಷ್ಯನನ್ನು ನಂಬಬಾರದೆಂದು ಟಿಪ್ಪುವಿಗೆ ಎಚ್ಚರಿಕೆ ಹೇಳಿದವರು ಅವನ ಆಸ್ಥಾನದ ಮಂತ್ರಿಗಳೇ. ಗುಲಾಂ ಅಲಿಯ ಕಿವಿಗೆ ಬಿದ್ದ ಪದಗಳು ಸರಿಯಾಗಿಯೇ ಇದ್ದಿರಬಹುದು. ಸುಳ್ಳು ಇದ್ದುದು ವ್ಯಾಕರಣದಲ್ಲಿ ಅಲ್ಲ, ಆಡಿದವನಲ್ಲಿ. ಮಾತಿನ ಅರ್ಥ ತಿಳಿಯುವುದು ಬೇರೆ, ಮಾತಿನ ತೂಕ ತಿಳಿಯುವುದು ಬೇರೆ. ಟಿಪ್ಪು ದೂತರನ್ನು ಕಳುಹಿಸಿದನು. 1798ರ ಜನವರಿಯಲ್ಲಿ ಅವರು ಮಾರಿಷಸ್ ತಲುಪಿದಾಗ ಅಲ್ಲಿ ಕೊಡಲು ಸೇನೆ ಇರಲಿಲ್ಲ. ಗವರ್ನರ್ ಮಲಾರ್ತಿಕ್ ಸ್ವಯಂಸೇವಕರನ್ನು ಕರೆದು ಬಹಿರಂಗ ಘೋಷಣೆಯನ್ನೇ ಹೊರಡಿಸಿದನು. ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಮಂದಿ. ಆದರೆ ಆ ಘೋಷಣೆ ಇಂಗ್ಲಿಷರ ಕೈಸೇರಿ, ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೊಂದು ನೆಪವಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಇದೆಲ್ಲಕ್ಕೂ ಒಂದು ಹಡಗುಕಟ್ಟೆಯ ಸಂಭಾಷಣೆಯೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೆ ಆ ಸರಪಳಿಯ ಒಂದು ಕೊಂಡಿ ಅದು.

ಅದೇ ಶ್ರೀರಂಗಪಟ್ಟಣಕ್ಕೆ, ಟಿಪ್ಪುವಿನ ಪತನಾನಂತರ ಒಬ್ಬ ಫ್ರೆಂಚ್ ಪಾದ್ರಿ ಬಂದನು. ಅವನು ಅಬ್ಬೆ ದ್ಯುಬುವಾ. 1792ರಲ್ಲಿ ಭಾರತಕ್ಕೆ ಬಂದವನು 1823ರವರೆಗೆ ಇಲ್ಲಿದ್ದನು. ಈ ನೆಲದವರ ಉಡುಪು ತೊಟ್ಟು, ಅವರ ನಡವಳಿಕೆಯನ್ನು ಹಿಡಿದು ಜನರ ನಡುವೆ ಬಾಳಿದನು. ಅವನ ಪ್ರಸಿದ್ಧ ಗ್ರಂಥದ ತೀರ್ಮಾನಗಳನ್ನೆಲ್ಲ ನಾವು ಒಪ್ಪಬೇಕಾಗಿಲ್ಲ. ಅದರ ಬಹುಭಾಗಕ್ಕೆ ಹಿಂದಿನ ಪಾದ್ರಿಯೊಬ್ಬನ ಹಸ್ತಪ್ರತಿಯೇ ಆಧಾರವೆಂದು ವಿದ್ವಾಂಸರು ತೋರಿಸಿದ್ದಾರೆ. ಬರೆಹವನ್ನು ಕಡ ತರಬಹುದು, ಜಗಲಿಯ ಮಾತನ್ನು ತರಲಾಗದು. ಸಿಡುಬಿನ ಲಸಿಕೆ ಹಾಕಿಸಿಕೊಳ್ಳಿರೆಂದು ಮೈಸೂರು ಸೀಮೆಯ ಜನರನ್ನು ಒಪ್ಪಿಸಲು ಅವನು ಶ್ರಮಿಸಿದನು. ಹೆದರಿದ ತಾಯಿಯೊಬ್ಬಳನ್ನು ಒಪ್ಪಿಸಬೇಕಾದರೆ ಗ್ರಂಥಭಾಷೆ ಎಷ್ಟು ದೂರ ನಡೆದೀತು?

ಫ್ರೆಂಚಿನಲ್ಲಿಯೂ ಗ್ರಂಥಕ್ಕೂ ಜಗಲಿಗೂ ಇಂಥದೇ ಅಂತರವಿದೆ. ‘ನನಗೆ ಗೊತ್ತಿಲ್ಲ’ ಎಂಬುದಕ್ಕೆ ಪಠ್ಯಪುಸ್ತಕ ‘ಝ ನ ಸೇ ಪಾ’ ಎಂದು ಕಲಿಸುತ್ತದೆ. ಬೀದಿಯಲ್ಲಿ ಅದು ಸವೆದು ‘ಶೇ ಪಾ’ ಆಗಿರುತ್ತದೆ. ‘ಹೋಗುತ್ತೇನೆ’ ಎಂಬುದನ್ನು ಬರೆದು ‘ಹೋಗ್ತೇನೆ’ ಎನ್ನುವ ನಮಗೆ ಇದು ವಿಚಿತ್ರವಲ್ಲ. ‘ತ್ಯು’, ‘ವು’ ಎಂಬ ಭೇದವಂತೂ ನಮ್ಮ ನೀನು, ನೀವುಗಳೇ. ಇಂಗ್ಲಿಷಿನ ಮೂಲಕ ಕಲಿಯುವವನು ತಡವರಿಸುವಲ್ಲಿ ಕನ್ನಡಿಗನಿಗೆ ದಾರಿ ಪರಿಚಿತವಾದುದು.

ಯುರೋಪಿನ ಪರಿಷತ್ತು 2001ರಲ್ಲಿ ಭಾಷಾಕಲಿಕೆಗೆ ಆರು ಮೆಟ್ಟಿಲುಗಳನ್ನು ಗೊತ್ತುಮಾಡಿತು. ಮೊದಲ ಮೆಟ್ಟಿಲಿನವನು ಸರಳವಾಗಿ ಸಂಭಾಷಿಸಬಲ್ಲನು, ಆದರೆ ಎದುರಿನವನು ನಿಧಾನವಾಗಿ, ಸ್ಪಷ್ಟವಾಗಿ ಮಾತನಾಡಿ ನೆರವಾಗಲು ಸಿದ್ಧನಿರಬೇಕು ಎಂಬುದು ಅದರ ಆಶಯ. ಈ ಷರತ್ತು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಎಳೆಯ ಮಾತು ನಿಲ್ಲುವುದು ಎದುರಿನವನ ಸದ್ಭಾವದ ಮೇಲೆ. ಸದ್ಭಾವವಿದ್ದಲ್ಲಿ ನಾಲ್ಕು ಮಾತು ಧಾರಾಳ ಸಾಕು; ಇಲ್ಲದಲ್ಲಿ ನಾನೂರೂ ಸಾಲದು. ಆದಕಾರಣ ಫ್ರೆಂಚ್ ಕಲಿಯುವ ತರುಣರಿಗೆ ನನ್ನ ಸೂಚನೆ ಇಷ್ಟೆ: ‘ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ’ ಎಂಬ ವಾಕ್ಯವನ್ನು ಎಲ್ಲಕ್ಕಿಂತ ಮೊದಲು ಕಲಿಯಿರಿ, ಕಲಿತ ಮೇಲೆ ಅದನ್ನು ನಾಚದೆ ಬಳಸಿರಿ.